ಕಣದಿಂದ ಮನೆಗೆ ಬರುವ ಏರು

ಮೂಡಿಗೆರೆ ಹತ್ತಿರ ನಮ್ಮ ಚಿಕ್ಕಪ್ಪನ ತೋಟವಿದೆ. ಕಾಫಿ ಒಣಗಿಸುವ ಕಣದಿಂದ ಮನೆಗೆ ಬರಲು ಏರು ಹತ್ತಬೇಕು. ಕ್ಯಾನ್ಸರ್ ಬಂದ ಬಲ ಶ್ವಾಸಕೋಶದ ಮೇಲಿನ ಹಾಲೆ, ಅಂದರೆ ಮೇಲಿನ ಭಾಗ, ತೆಗೆಸಿಕೊಂಡು ಬಂದ ಹೊಸತರಲ್ಲಿ ಅವರು ಆ ಏರಿನಲ್ಲಿ ಮೂರು ಕಡೆ ನಿಲ್ಲುತ್ತಿದ್ದರು. ಹಲಸಿನ ಮರ, ನೀರಿನ ತೊಟ್ಟಿ, ಆಮೇಲೆ ಗೇಟು. "ಸ್ಕ್ಯಾನ್ ಚೆನ್ನಾಗಿದೆ ಅಂತಾರೆ, ನಂಗೆ ಉಸಿರೇ ಸಾಲಲ್ವಲ್ಲೋ" ಅನ್ನುತ್ತಿದ್ದರು.

ಎರಡೂ ನಿಜವೇ. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡು. ಎಡಗಡೆ ಹೃದಯಕ್ಕೂ ಜಾಗ ಬೇಕಲ್ವಾ! ತೆಗೆದ ಹಾಲೆ ಮತ್ತೆ ಚಿಗುರುವುದಿಲ್ಲ. ಆದರೆ ಉಳಿದವು ಹಿಗ್ಗಿ ಆ ಜಾಗ ತುಂಬುತ್ತವೆ, ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯಾದ ವಪೆಯೂ ತುಸು ಮೇಲೇರುತ್ತದೆ. ಕಳೆದುಹೋದ ಉಸಿರಿನ ಒಂದು ಪಾಲು ಕೆಲವು ತಿಂಗಳಲ್ಲಿ ವಾಪಸ್ ಬರುತ್ತದೆ. 1933ರಲ್ಲಿ ಅಮೆರಿಕದ ಸರ್ಜನ್ ಎವರ್ಟ್ಸ್ ಗ್ರಹಾಂ ಶ್ವಾಸಕೋಶದ ಕ್ಯಾನ್ಸರ್ ಬಂದಿದ್ದ ಒಬ್ಬ ವೈದ್ಯರ ಇಡೀ ಎಡ ಶ್ವಾಸಕೋಶವನ್ನೇ ತೆಗೆದರು. ಆ ರೋಗಿ ಮತ್ತೆ ಕೆಲಸಕ್ಕೆ ಹೋದರು, ಸುಮಾರು 30 ವರ್ಷ ಬದುಕಿದರು. ಸಿಗರೇಟು ಸೇದುತ್ತಿದ್ದ ಗ್ರಹಾಂ 1957ರಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡರು.

ಉಸಿರಿಗಿಂತ ಜಾಸ್ತಿ ಕಾಡುವುದು ನೋವು. ಅದನ್ನು ನಮ್ಮ ಜನ ಬಾಯಿಬಿಟ್ಟು ಹೇಳುವುದೇ ಇಲ್ಲ. ಎದೆ ತೆರೆಯುವಾಗ ಪಕ್ಕೆಲುಬುಗಳ ನಡುವೆ ಹೋಗಬೇಕು. ಪ್ರತಿ ಎಲುಬಿನ ಕೆಳ ಅಂಚಿಗೆ ಅಂಟಿಕೊಂಡೇ ಒಂದು ನರ ಹರಿದಿರುತ್ತದೆ. ಅದಕ್ಕೆ ಪೆಟ್ಟಾದರೆ ಹೊಲಿಗೆ ಮಾಗಿದ ಮೇಲೂ ಉರಿ, ಜೋಮು ಉಳಿಯಬಹುದು. ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸುವ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಈ ಕಾಟ ಕಮ್ಮಿ. ಚಿಕ್ಕಪ್ಪನಿಗೆ ಅಂಗಿ ಸೋಕಿದರೂ ಉರಿಯುತ್ತಿತ್ತು. ಕುಯ್ದ ಮೇಲೆ ನೋವು ಇರೋದೇ ಅಂತ ಸುಮ್ನೆ ಇದ್ದರು. ನರದ ನೋವಿಗೆ ಬೇರೆಯೇ ಮಾತ್ರೆಗಳಿವೆ. ಎರಡು ತಿಂಗಳಾದರೂ ಹೋಗದಿದ್ದರೆ ಡಾಕ್ಟರಿಗೆ ಹೇಳಲೇಬೇಕು. ನೋವಿಗೆ ಹೆದರಿ ಮೇಲೆ ಮೇಲೆ ಉಸಿರಾಡಿದರೆ, ಕೆಮ್ಮು ತಡೆದರೆ, ಕಫ ಒಳಗೇ ನಿಂತು ನ್ಯುಮೋನಿಯಾ ಆಗಬಹುದು. ದಿಂಬನ್ನು ಎದೆಗೆ ಒತ್ತಿ ಹಿಡಿದು ಕೆಮ್ಮಿದರೆ ಎಷ್ಟೋ ಹಗುರ.

ಉಸಿರಿನ ವ್ಯಾಯಾಮಕ್ಕೆಂದು ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಆಸ್ಪತ್ರೆಯಿಂದ ಕೊಟ್ಟು ಕಳಿಸಿದ್ದರು. ಚಿಕ್ಕಪ್ಪ ವಾರವಿಡೀ ಪೀಪಿಯ ಹಾಗೆ ಊದಿದ್ದೇ ಊದಿದ್ದು, ಚೆಂಡು ಅಲ್ಲಾಡಲಿಲ್ಲ. ಅದನ್ನು ಊದಬಾರದು, ಎಳನೀರು ಹೀರಿದ ಹಾಗೆ ನಿಧಾನಕ್ಕೆ ಎಳೆಯಬೇಕು. ಗೊತ್ತಾದ ದಿನ ಒಂದು ಚೆಂಡು ಎದ್ದಿತು. ಚಿಕ್ಕಮ್ಮ ಒಲೆ ಮುಂದಿನಿಂದ ಎದ್ದು ಬಂದು ನೋಡಿದರು.

ಆಮೇಲೆ ದಿನಾ ನಡಿಗೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು. ಮೊದಲು ಅಂಗಳದಲ್ಲಿ, ಆಮೇಲೆ ಏರಿನಲ್ಲಿ. ಈ ಕೊಯ್ಲಿನ ಹೊತ್ತಿಗೆ ಹಲಸಿನ ಮರದ ಹತ್ತಿರ ನಿಲ್ಲುವುದು ಬಿಟ್ಟಿದ್ದಾರೆ. ತೊಟ್ಟಿ ಹತ್ತಿರ ಮಾತ್ರ ನಿಂತು, ಮೆಣಸಿನ ಬಳ್ಳಿ ನೋಡಿ, ಮೇಲೆ ಬರುತ್ತಾರೆ.