ಒಂದು ಕೈ ನೋಡುವವನೇ ಪೈರೇಟ್

ಕಡಲ್ಗಳ್ಳ ಪದದಲ್ಲಿ ಮುಚ್ಚುಮರೆ ಇಲ್ಲ. ಕಡಲು, ಕಳ್ಳ. ಸಂಧಿಯಲ್ಲಿ 'ಕ' ಹೋಗಿ 'ಗ' ಬಂತು, ಅಷ್ಟೇ. ತಮಿಳಿನ ಕಡಲ್ ಕೊಳ್ಳೈಯರ್, ಜರ್ಮನ್ನಿನ ಸೀರಾಯ್ಬರ್, ಜಪಾನಿನ ಕೈಝೊಕು ಕೂಡ ಇದೇ ಜಾಡಿನವು: ಮೊದಲು ಸಮುದ್ರ, ಆಮೇಲೆ ದರೋಡೆಕೋರ. ಆದರೆ ಯುರೋಪಿನಲ್ಲಿ ಜಾಸ್ತಿ ಓಡಾಡಿದ ಕೆಲವು ಹೆಸರುಗಳನ್ನು ಬಿಡಿಸಿ ನೋಡಿ. ಅಲ್ಲಿ ಕಳ್ಳನೂ ಇಲ್ಲ, ಕಡಲೂ ಇಲ್ಲ.

ಪೈರೇಟ್ ಪದವನ್ನೇ ತೆಗೆದುಕೊಳ್ಳಿ. ಇದು ಗ್ರೀಕ್ ಭಾಷೆಯ ಪೈರಾಟೆಸ್‌ನಿಂದ ಲ್ಯಾಟಿನ್ನಿಗೆ ಹೋಗಿ ಹರಡಿದ ಪದ. ಅದರ ಹಿಂದಿರುವ ಕ್ರಿಯಾಪದದ ಅರ್ಥ ಪ್ರಯತ್ನಿಸು, ಮೇಲೆ ಬೀಳು. ನಾವು 'ಒಂದು ಕೈ ನೋಡೇ ಬಿಡೋಣ' ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಇಂಗ್ಲಿಷಿನ ಎಕ್ಸ್‌ಪೀರಿಯನ್ಸ್, ಎಕ್ಸ್‌ಪೆರಿಮೆಂಟ್ ಇದರ ದೂರದ ನೆಂಟರು! ಗ್ರೀಕರಲ್ಲಿ ಇದಕ್ಕಿಂತ ಹಳೆಯ ಪದ ಲೇಸ್ಟೆಸ್. ಅದು ನೆಲದ ದರೋಡೆಗೂ ಸಲ್ಲುತ್ತಿತ್ತು, ನೀರಿನ ದರೋಡೆಗೂ ಸಲ್ಲುತ್ತಿತ್ತು. ಹಿಂದಿನ ಕಾಲದಲ್ಲಿ ಈ ಕಸುಬು ನಾಚಿಕೆಯದಾಗಿರಲಿಲ್ಲ ಎಂದು ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ಹಡಗಿನಲ್ಲಿ ಬಂದವರನ್ನು 'ನೀವು ಕಡಲ್ಗಳ್ಳರಾ?' ಎಂದು ನೇರವಾಗಿ ಕೇಳುತ್ತಿದ್ದರಂತೆ.

ಕಡಲ್ಗಳ್ಳನ ಇನ್ನೊಂದು ಹೆಸರು ಕೋರ್ಸೇರ್ ಬಂದದ್ದು ಲ್ಯಾಟಿನ್ನಿನ ಕುರ್ಸುಸ್‌ನಿಂದ, ಅಂದರೆ ಓಟ. ಫ್ರೆಂಚರಿಗೆ ಕೋರ್ಸೇರ್ ಬೇರೆ, ಪೈರೇಟ್ ಬೇರೆ. ಮೊದಲನೆಯವನ ಕೈಯಲ್ಲಿ ರಾಜನ ಪರವಾನಗಿ ಇರುತ್ತಿತ್ತು. ಶತ್ರು ದೇಶದ ಹಡಗು ದೋಚಿದರೆ ಅದು ಕಾನೂನುಬದ್ಧ! ದೋಚಿಸಿಕೊಂಡವರಿಗೆ ಮಾತ್ರ ಇಬ್ಬರೂ ಒಂದೇ, ಅಲ್ವಾ? ಈ ಪರವಾನಗಿ ಪದ್ಧತಿಯನ್ನು ಹಲವು ದೇಶಗಳು ಕೈಬಿಟ್ಟದ್ದು 1856ರ ಪ್ಯಾರಿಸ್ ಘೋಷಣೆಯಲ್ಲಿ. ಇದೇ ಪದ ಅರಬಿಯಲ್ಲಿ ಕುರ್ಸಾನ್, ಟರ್ಕಿಯಲ್ಲಿ ಕೋರ್ಸಾನ್ ಆಯಿತು. ಕ್ರೊಯೇಷಿಯನ್ನರ ಬಾಯಲ್ಲಿ ಗುಸಾರ್. ಅಲ್ಲಿಂದ ಹಂಗೆರಿಗೆ ಹೋಗಿ ಹುಸಾರ್ ಆಗಿ ಕುದುರೆ ಹತ್ತಿತು ಎನ್ನುತ್ತವೆ ನಿಘಂಟುಗಳು. ಕಡಲ್ಗಳ್ಳ ಹೋಗಿ ಅಶ್ವಸೈನಿಕ!

ಬುಕನಿಯರ್ ಕಥೆಯಲ್ಲಿ ಹೊಗೆಯ ವಾಸನೆ ಇದೆ. 17ನೇ ಶತಮಾನದಲ್ಲಿ ಕೆರಿಬಿಯನ್ನಿನ ಹಿಸ್ಪಾನಿಯೋಲಾ ದ್ವೀಪದಲ್ಲಿ ಕಾಡುದನ ಬೇಟೆಯಾಡುತ್ತಿದ್ದ ಫ್ರೆಂಚರು ಮಾಂಸವನ್ನು ಮರದ ಚೌಕಟ್ಟಿನ ಮೇಲಿಟ್ಟು ಹೊಗೆಯಲ್ಲಿ ಒಣಗಿಸುತ್ತಿದ್ದರು. ಆ ಚೌಕಟ್ಟಿನ ಹೆಸರು ಬುಕಾನ್. ಪದ ಅಮೆರಿಕ ಖಂಡಗಳ ಮೂಲನಿವಾಸಿಗಳ ನುಡಿಗಳಿಂದ ಬಂದದ್ದು. ಸ್ಪೇನಿನವರು ಅವರನ್ನು ಅಲ್ಲಿಂದ ಓಡಿಸಲು ನೋಡಿದರು. ಬೇಟೆಗಾರರು ಹಡಗು ಹತ್ತಿ ಸ್ಪೇನಿನ ಹಡಗುಗಳನ್ನೇ ಬೇಟೆಯಾಡಿದರು. ಕಸುಬು ಬದಲಾಯಿತು, ಹೆಸರು ಹಾಗೇ ಉಳಿಯಿತು.

ನನಗೆ ಇವೆಲ್ಲಕ್ಕಿಂತ ಇಷ್ಟ ಡಚ್ಚರ ವ್ರೈಬೌಟರ್. ಬಿಟ್ಟಿ ಲೂಟಿಗಾರ ಅನ್ನಬಹುದು. ಇಂಗ್ಲಿಷರು ಫ್ರೀಬೂಟರ್ ಎಂದರು, ಸ್ಪೇನಿನವರು ಫಿಲಿಬುಸ್ತೆರೊ ಎಂದರು. ಮಧ್ಯ ಅಮೆರಿಕದ ದೇಶಗಳಿಗೆ ಖಾಸಗಿ ಪಡೆ ಕಟ್ಟಿಕೊಂಡು ನುಗ್ಗುತ್ತಿದ್ದ ಅಮೆರಿಕನ್ನರಿಗೆ 1850ರ ದಶಕದಲ್ಲಿ ಇದೇ ಹೆಸರು ಅಂಟಿತು. ಅವರಲ್ಲೊಬ್ಬ ವಿಲಿಯಂ ವಾಕರ್ 1856ರಲ್ಲಿ ನಿಕರಾಗುವಾದ ಅಧ್ಯಕ್ಷನೇ ಆಗಿಬಿಟ್ಟ. ಆಮೇಲೆ ಪದ ಅಮೆರಿಕದ ಸೆನೆಟ್ ಹೊಕ್ಕಿತು. ಮಸೂದೆ ತಡೆಯಲು ಗಂಟೆಗಟ್ಟಲೆ ಸುಮ್ನೆ ಮಾತಾಡುವುದಕ್ಕೆ ಅಲ್ಲಿ ಫಿಲಿಬಸ್ಟರ್ ಅನ್ನುತ್ತಾರೆ.

ಪೈರೇಟ್ ಕೂಡ ಕಡಲಲ್ಲೇ ಉಳಿಯಲಿಲ್ಲ. ಅನುಮತಿ ಇಲ್ಲದೆ ಬೇರೆಯವರ ಪುಸ್ತಕ ಅಚ್ಚು ಹಾಕುವವರನ್ನು ಇಂಗ್ಲಿಷಿನಲ್ಲಿ 17ನೇ ಶತಮಾನದಲ್ಲೇ ಹಾಗೆ ಕರೆದರು. ಕನ್ನಡದಲ್ಲಿ ಈಗ ಪೈರಸಿ ಅಂದರೆ ನೆನಪಾಗುವುದು ಕದ್ದ ಸಿನಿಮಾ. ಸೊಮಾಲಿಯಾ ಹತ್ತಿರ ಹಡಗು ಅಪಹರಿಸಿದವರನ್ನು ಕಡಲ್ಗಳ್ಳರು ಅನ್ನುತ್ತೇವೆ. ಸಿನಿಮಾ ಕದ್ದವನನ್ನು ಯಾರೂ ಹಾಗೆ ಕರೆಯುವುದಿಲ್ಲ.