ಫಾರ್ಮ್ಯಾಟ್ ಹೊಡೆಯುವ ಮೊದಲು ತಾರೀಖು ನೋಡಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನ ಕಿವಿಗೆ ದಿನಾ ಬೀಳುವ ಮಾತು ಒಂದೇ. "ಸರ, ನೆಟ್ ಬರವಲ್ದು. ಫಾರ್ಮ್ಯಾಟ್ ಹೊಡೆದು ಬಿಡ್ರಿ." ಅಂದರೆ ಒಳಗಿದ್ದದ್ದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿ ಅಂತ. ಸ್ಕ್ರೀನ್ ಮೇಲೆ ಏನು ಬಂತು ಅಂತ ಕೇಳಿದರೆ, "ಏನೋ ಇಂಗ್ಲಿಷ್‌ನ್ಯಾಗ ಬಂತ್ರಿ, ಬಂದ್ ಮಾಡ್ದೆ" ಅನ್ನುತ್ತಾರೆ. ಆ ಇಂಗ್ಲಿಷ್‌ನಲ್ಲೇ ಅರ್ಧ ರಿಪೇರಿ ಇರುತ್ತದೆ. ಅದನ್ನು ಮುಚ್ಚಿ, ಸಿಪಿಯು ಬಿಚ್ಚಿ, ಸ್ಕೂಟರ್ ಮುಂದೆ ಇಟ್ಟುಕೊಂಡು ಮೇ ತಿಂಗಳ ಬಿಸಿಲಲ್ಲಿ ಸೇಡಂ ರಸ್ತೆಯಿಂದ ಬಂದು ನಿಲ್ಲುತ್ತಾರೆ. ಬೈಯಲೂ ಮನಸ್ಸಾಗುವುದಿಲ್ಲ. ಮೊದಲು ನೀರು ಕೊಡುತ್ತೇನೆ.

ಕೇಬಲ್ ಸರಿಯಿದೆಯಾ, ರೂಟರ್ ಆನ್ ಇದೆಯಾ, ರೀಚಾರ್ಜ್ ಮುಗಿದಿದೆಯಾ ಅನ್ನುವುದನ್ನೆಲ್ಲ ನೀವು ನೋಡಿರುತ್ತೀರಿ ಅಂದುಕೊಳ್ಳುತ್ತೇನೆ. ಒಂದು ಮಾತು ಮಾತ್ರ. "ಫೋನಿನ್ಯಾಗ ವಾಟ್ಸಾಪ್ ಬರ್ಲಿಕ್ಕತ್ತದ, ಅಂದ್ರ ನೆಟ್ ಸರಿ ಅದ" ಎನ್ನುವವರು ಆ ಫೋನಿನ ಮೊಬೈಲ್ ಡೇಟಾ ಬಂದ್ ಮಾಡಿ, ಬರೀ ವೈಫೈ ಮೇಲೆ ಇನ್ನೊಮ್ಮೆ ನೋಡಿ. ಎಷ್ಟೋ ಜಗಳ ಅಲ್ಲೇ ಮುಗಿಯುತ್ತದೆ.

ಪೇಜ್ ತೆರೆಯದಿದ್ದಾಗ ಬ್ರೌಸರ್ ಸುಮ್ನೆ ಕೂರುವುದಿಲ್ಲ. ಎಲ್ಲಿ ಸಿಕ್ಕಿಹಾಕಿಕೊಂಡೆ ಅಂತ ಹೇಳುತ್ತದೆ. ಕ್ರೋಮ್‌ನಲ್ಲಿ ಡೈನೋಸಾರ್ ಬಂದು 'ನೋ ಇಂಟರ್ನೆಟ್' ಅಂದರೆ ತೊಂದರೆ ಸೈಟಿನದಲ್ಲ, ನಿಮ್ಮ ಕಡೆಯ ಲೈನಿನದು. ಫೈಬರ್ ಡಬ್ಬಿಯಲ್ಲಿ ಕೆಂಪು ದೀಪ ಉರಿಯುತ್ತಿದ್ದರೆ ಲೈನಿನವನಿಗೇ ಫೋನ್ ಮಾಡಿ, ನನಗಲ್ಲ. 'ಡಿಎನ್‌ಎಸ್' ಎಂಬ ಅಕ್ಷರ ಕಂಡರೆ ಸೈಟಿನ ಹೆಸರಿಗೆ ತಕ್ಕ ನಂಬರ್ ಸಿಗುತ್ತಿಲ್ಲ ಅಂತ ಅರ್ಥ. ಹೆಸರು ತಪ್ಪಾಗಿ ಟೈಪ್ ಮಾಡಿದರೂ ಇದೇ ಬರುತ್ತದೆ, ಮೊದಲು ಕಾಗುಣಿತ ನೋಡಿ. ಅದು ಸರಿಯಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 (ಗೂಗಲ್‌ನದು) ಅಥವಾ 1.1.1.1 (ಕ್ಲೌಡ್‌ಫ್ಲೇರ್ ಕಂಪನಿಯದು) ಹಾಕಿ ನೋಡಬಹುದು. ಆಫೀಸಿನ ಕಂಪ್ಯೂಟರ್ ಆದರೆ ಅಲ್ಲಿನವರನ್ನು ಕೇಳದೆ ಮುಟ್ಟಬೇಡಿ. 'ಟುಕ್ ಟೂ ಲಾಂಗ್ ಟು ರೆಸ್ಪಾಂಡ್', ಅಂದರೆ ಉತ್ತರ ಬರಲು ಬಹಳ ತಡವಾಯಿತು ಎಂದು ಬಂದು, ಬೇರೆ ಸೈಟೆಲ್ಲ ತೆರೆಯುತ್ತಿದ್ದರೆ ಹೆಚ್ಚಾಗಿ ಆ ಸೈಟೇ ಸುಸ್ತಾಗಿರುತ್ತದೆ. ಅರ್ಜಿಯ ಕೊನೇ ದಿನ ಸಂಜೆ ಇದು ಬಂದೇ ಬರುತ್ತದೆ. ಅದಕ್ಕೆ ನಿಮ್ಮ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿ ಏನು ಉಪಯೋಗ ಹೇಳಿ.

ನನ್ನ ತಾಳ್ಮೆ ತಿನ್ನುವುದು ಇನ್ನೊಂದು ಸಂದೇಶ. 'ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್', ಅಂದರೆ ನಿಮ್ಮ ಸಂಪರ್ಕ ಗುಟ್ಟಾಗಿಲ್ಲ ಎಂದು ಬರುತ್ತದೆ. ಕೆಲವು ಸಲ ಇನ್ನೂ ಬಿಡಿಸಿ, 'ಯುವರ್ ಕ್ಲಾಕ್ ಈಸ್ ಬಿಹೈಂಡ್' ಅಂತಲೇ ಬರುತ್ತದೆ. ನಿನ್ನ ಗಡಿಯಾರ ಹಿಂದಿದೆ ಮಾರಾಯ ಅಂತ ಯಂತ್ರವೇ ಹೇಳುತ್ತಿದೆ. ಆದರೂ ಜನ ವೈರಸ್ ಅನ್ನುತ್ತಾರೆ.

ಗಂಜ್‌ನ, ಅಂದರೆ ದವಸಧಾನ್ಯದ ಮಾರುಕಟ್ಟೆಯ, ಒಂದು ಅಡತಿ ಅಂಗಡಿಯಲ್ಲಿ ಹೀಗೇ ಆಯಿತು. ತೊಗರಿ ಆವಕ ಜೋರಾಗಿದ್ದ ಸಮಯ, ಕಾಲಿಡಲು ಜಾಗ ಇಲ್ಲ. ಯಾವ ಸೈಟೂ ತೆರೆಯುತ್ತಿಲ್ಲ. ಯಜಮಾನರ ಅಳಿಯ ಆಗಲೇ ಬ್ರೌಸರ್ ಬದಲಿಸಿದ್ದ, ರೂಟರ್ ಬದಲಿಸಿದ್ದ, ಲೈನಿನ ಹುಡುಗನ ಜೊತೆ ಜಗಳವನ್ನೂ ಆಡಿದ್ದ. ನಾನು ಹೋಗಿ ಮೇಜಿನ ಮೇಲಿದ್ದ ಬಿಲ್ ನೋಡಿದೆ. ಆ ದಿನ ಬೆಳಿಗ್ಗೆ ಪ್ರಿಂಟ್ ಆದದ್ದು. ತಾರೀಖು 2009ರ ಜನವರಿ. ತೂಕ, ರೇಟು, ಹಮಾಲಿ ಎಲ್ಲ ಎರಡೆರಡು ಸಲ ನೋಡಿದ್ದರು, ತಾರೀಖನ್ನು ಯಾರೂ ನೋಡಿರಲಿಲ್ಲ.

ತಾರೀಖಿಗೂ ಪೇಜಿಗೂ ಏನು ಸಂಬಂಧ ಅಂತ ಎಲ್ಲರೂ ಕೇಳುತ್ತಾರೆ. ಈಗಿನ ಬಹುತೇಕ ಸೈಟುಗಳು ತೆರೆಯುವ ಮೊದಲು ಒಂದು ಪ್ರಮಾಣಪತ್ರ ತೋರಿಸುತ್ತವೆ. ಈ ದಿನದಿಂದ ಈ ದಿನದವರೆಗೆ ಚಾಲ್ತಿ ಅಂತ ಅದರಲ್ಲಿ ಬರೆದಿರುತ್ತದೆ. ಬ್ರೌಸರ್ ಅದನ್ನು ನಿಮ್ಮ ಕಂಪ್ಯೂಟರಿನ ತಾರೀಖಿನ ಜೊತೆ ಹೋಲಿಸುತ್ತದೆ. ಬಸ್ ಪಾಸ್ ಸರಿಯಾಗೇ ಇದೆ, ಕಂಡಕ್ಟರ್ ಕೈಯಲ್ಲಿ ಹಳೇ ಕ್ಯಾಲೆಂಡರ್ ಇದೆ ಅಂದುಕೊಳ್ಳಿ. ಇಳಿಸಿಯೇ ಬಿಡುತ್ತಾನೆ. 2020ರ ಸೆಪ್ಟೆಂಬರ್‌ನಲ್ಲಿ ಈ ಪತ್ರಗಳ ಅವಧಿಗೆ 398 ದಿನದ ಮಿತಿ ಹಾಕಿದರು, ಆಮೇಲೆ ಅದನ್ನು ಇನ್ನೂ ಇಳಿಸಿದರು. ಬರೀ 90 ದಿನದ್ದೂ ಬಹಳ ಇವೆ. ಹಾಗಾಗಿ ಗಡಿಯಾರ ಎರಡು ವರ್ಷ ಹಿಂದೆ ಹೋದರೂ ಸಾಕು, ಯಾವ ಸೈಟಿನ ಪತ್ರವೂ ಬ್ರೌಸರ್ ಕಣ್ಣಿಗೆ ಇನ್ನೂ ಚಾಲ್ತಿಗೇ ಬಂದಿರುವುದಿಲ್ಲ.

ಗಡಿಯಾರ ಹಿಂದೆ ಹೋಗುವುದೇಕೆ? ಕಂಪ್ಯೂಟರಿನ ಒಳಗಿನ ಮುಖ್ಯ ಹಲಗೆ, ಅಂದರೆ ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಸಿಆರ್2032, 3 ವೋಲ್ಟ್. ಕರೆಂಟ್ ಇಲ್ಲದಾಗ ತಾರೀಖನ್ನು ಕಾಯುವುದು ಅದೇ. ಶಟ್‌ಡೌನ್ ಮಾಡಿದರೂ ಪ್ಲಗ್‌ನಲ್ಲಿ ಕರೆಂಟ್ ಇರುವ ತನಕ ಡೆಸ್ಕ್‌ಟಾಪ್‌ಗೆ ಈ ಸೆಲ್ ಬೇಕಾಗುವುದಿಲ್ಲ. ಆದರೆ ನಮ್ಮವರು ಸಿಡಿಲಿಗೆ, ವೋಲ್ಟೇಜ್‌ಗೆ ಹೆದರಿ ರಾತ್ರಿ ಗೋಡೆಯ ಬೋರ್ಡಿನ ಸ್ವಿಚ್ಚೇ ಬಂದ್ ಮಾಡುತ್ತಾರೆ. ಮಾಡಲಿ, ಅದು ತಪ್ಪಲ್ಲ. ಸೆಲ್ ಬೇಗ ಖಾಲಿಯಾಗುತ್ತದೆ, ಅಷ್ಟೇ. ಸೆಕೆಗೂ ಸೆಲ್ ಬೇಗ ಇಳಿಯುತ್ತದೆ. ನೂರು ರೂಪಾಯಿಯೊಳಗೆ ಹೊಸದು ಸಿಗುತ್ತದೆ.

ಈಗ ಜನ ಮತ್ತೆ ಮತ್ತೆ ಎಡವುವ ಜಾಗ. ತಾರೀಖು ನೋಡಿ ಅಂದರೆ ಟೈಮ್ ನೋಡುತ್ತಾರೆ. "ಹನ್ನೊಂದೂವರಿ, ಸರಿ ಅದಲ್ರಿ?" ಗಂಟೆ ಸರಿ ಇರಬಹುದು, ಯಾರೋ ಗಂಟೆ ಮಾತ್ರ ತಿದ್ದಿರಬಹುದು. ನಾನು ಕೇಳುತ್ತಿರುವುದು ವರ್ಷ. ಸ್ಕ್ರೀನಿನ ಕೆಳಗಿನ ಪಟ್ಟಿ ಸಣ್ಣದಾಗಿದ್ದರೆ ಕೆಲವು ಕಂಪ್ಯೂಟರಿನಲ್ಲಿ ಬರೀ ಗಂಟೆ ಕಾಣುತ್ತದೆ, ತಾರೀಖು ಕಾಣುವುದೇ ಇಲ್ಲ. ಗಡಿಯಾರದ ಮೇಲೆ ಒಂದು ಸಲ ಒತ್ತಿ. ದಿನ, ತಿಂಗಳು, ವರ್ಷ, ಮೂರನ್ನೂ ಗಟ್ಟಿಯಾಗಿ ಓದಿ. ತಪ್ಪಿದ್ದರೆ ಕೈಯಿಂದಲೇ ತಿದ್ದಿ. ಅಷ್ಟು ಹಿಂದೆ ಹೋದ ಗಡಿಯಾರವನ್ನು ವಿಂಡೋಸ್ ತಾನಾಗಿಯೇ ಸರಿಮಾಡುತ್ತದೆ ಅಂತ ಕಾಯುತ್ತಾ ಕೂರಬೇಡಿ. ಮರುದಿನ ಬೆಳಿಗ್ಗೆ ಮತ್ತೆ ಹಳೇ ವರ್ಷ ಬಂದಿದ್ದರೆ ಸೆಲ್ ಬದಲಿಸಿ.

ಇನ್ನು ಫಾರ್ಮ್ಯಾಟ್ ವಿಷಯ. ಮನೆಯಲ್ಲಿರುವ ಹಳೇ ವಿಂಡೋಸ್ 7 ಸಿಡಿ ಹಾಕಿ ಫಾರ್ಮ್ಯಾಟ್ ಮಾಡಿದರೆ ಇನ್ನಷ್ಟು ಸೈಟು ತೆರೆಯದೇ ಹೋಗಬಹುದು. ಆ ಸಿಡಿಯಲ್ಲಿ ಇರುವುದು ಆ ಕಾಲದ ನಂಬಿಕೆಪಟ್ಟಿ, ಹೊಸ ಪ್ರಮಾಣಪತ್ರ ಕೊಡುವವರನ್ನು ಅದು ಗುರುತಿಸದೇ ಇರಬಹುದು. ಕ್ರೋಮ್ ಕೂಡ ವಿಂಡೋಸ್ 7ಕ್ಕೆ 109ನೇ ಆವೃತ್ತಿಯಲ್ಲೇ ನಿಂತುಬಿಟ್ಟಿದೆ. 2023ರ ನಂತರ ಹೊಸದು ಬಂದಿಲ್ಲ. ಮಕ್ಕಳ ಫೋಟೋ, ಜಮೀನಿನ ಕಾಗದದ ಸ್ಕ್ಯಾನ್ ಎಲ್ಲ ಅಳಿದುಹೋಗಿ, ಸೆಲ್ ಮಾತ್ರ ಹಾಗೇ ಸತ್ತಿರುತ್ತದೆ.

ಹಿಸ್ಟರಿ ಕ್ಲಿಯರ್ ಮಾಡುವುದೂ ಇಂಥದ್ದೇ ಚಟ. ಒಬ್ಬ ಟೀಚರಮ್ಮ ಯಾರೋ ಹೇಳಿದರೆಂದು ಎಲ್ಲ ಚೌಕಕ್ಕೂ ಟಿಕ್ ಹಾಕಿ ಅಳಿಸಿದರು. ಸೇವ್ ಆಗಿದ್ದ ಪಾಸ್‌ವರ್ಡ್‌ಗಳೂ ಹೋದವು. ಮೊದಲು ಇನ್‌ಕಾಗ್ನಿಟೋ, ಅಂದರೆ ಬ್ರೌಸರಿನ ಗುಪ್ತ ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ತೆರೆದರೆ ಎಕ್ಸ್‌ಟೆನ್ಷನ್‌ದೋ (ಬ್ರೌಸರಿಗೆ ಸೇರಿಸಿದ ಹೆಚ್ಚುವರಿ ತುಣುಕು) ಹಳೇ ಕುಕಿಯದೋ (ಸೈಟು ಬ್ರೌಸರಿನಲ್ಲಿ ಇಟ್ಟ ಗುರುತು) ಕಾಟ ಇರಬಹುದು. ಕುಕಿಯದಾದರೆ ಆ ಒಂದು ಸೈಟಿನದ್ದಷ್ಟೇ ಅಳಿಸಿದರೆ ಸಾಕು.

ಒಂದು ಎಚ್ಚರಿಕೆ. ವರ್ಷ, ತಾರೀಖು ಎಲ್ಲ ಸರಿಯಿದ್ದೂ 'ನಾಟ್ ಪ್ರೈವೇಟ್' ಬಂದರೆ 'ಅಡ್ವಾನ್ಸ್ಡ್' ಒತ್ತಿ ಮುಂದೆ ಹೋಗಬೇಡಿ. ಬ್ಯಾಂಕಿನ ಸೈಟಿನಲ್ಲಂತೂ ಬೇಡವೇ ಬೇಡ. ಲಾಡ್ಜ್, ಹಾಸ್ಟೆಲ್ ವೈಫೈನಲ್ಲಿ ಲಾಗಿನ್ ಆಗದಿದ್ದರೂ ಹೀಗೆ ಬರಬಹುದು, ಆಂಟಿವೈರಸ್‌ನಿಂದಲೂ ಬರಬಹುದು. ಆದರೆ ನಿಜವಾಗಿಯೂ ಯಾರೋ ನಿಮಗೂ ಸೈಟಿಗೂ ನಡುವೆ ಕದ್ದು ನೋಡುತ್ತಾ ಕೂತಿರುವ ಸಾಧ್ಯತೆ ಇದ್ದೇ ಇದೆ. ಕಣ್ಣಲ್ಲಿ ನೋಡದೆ ನಾನು ಇದೇ ಅಂತ ಹೇಳಲಾರೆ.

ಅದಕ್ಕೇ ಹೇಳುವುದು, ಸಿಪಿಯು ಹೊತ್ತು ತರಬೇಡಿ. ಸಂದೇಶ ಬಂದ ಸ್ಕ್ರೀನ್ ಬಂದ್ ಮಾಡದೆ, ಗಡಿಯಾರದ ಮೂಲೆಯೂ ಸೇರುವ ಹಾಗೆ ಫೋನಿನಲ್ಲಿ ಫೋಟೋ ಹೊಡೆದು ಕಳಿಸಿ. ಮಾನಿಟರ್ ಅಂಚಿಗೆ ಪಾಸ್‌ವರ್ಡ್ ಬರೆದ ಚೀಟಿ ಅಂಟಿಸಿದ್ದರೆ, ಅದನ್ನು ಕಿತ್ತು ಆಮೇಲೆ ಹೊಡೆಯಿರಿ.