ನರದ ಬಳಿ ಬೆರೆಸುವ ಎರಡನೆಯ ಔಷಧ

ಮುಂಗೈ ಮೂಳೆ ಮುರಿದವರಿಗೆ ಪ್ಲೇಟು ಕೂರಿಸಲು ರೋಗಿಯನ್ನು ಪೂರ್ತಿ ಪ್ರಜ್ಞೆ ತಪ್ಪಿಸಲೇಬೇಕೆಂದಿಲ್ಲ. ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಜಾಲದ ಸುತ್ತ, ಕೊರಳೆಲುಬಿನ ಮೇಲ್ಬದಿಯಲ್ಲಿ, ಅಲ್ಟ್ರಾಸೌಂಡ್ ನೋಡುತ್ತ ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧವನ್ನು ಚುಚ್ಚಿದರೆ ಕೈ ಮರಗಟ್ಟುತ್ತದೆ. ಅದೇ ಸಿರಿಂಜಿಗೆ ಇನ್ನೊಂದು ಔಷಧವನ್ನು ಬೆರೆಸುತ್ತಾರೆಂದು ಕೇಳಿದ ಕೂಡಲೇ ‘ಡೋಸ್ ಜಾಸ್ತಿ ಕೊಟ್ಟರು’ ಎಂದು ಗಾಬರಿಯಾಗುವವರುಂಟು. ಈ ಗಾಬರಿಗೆ ಆಧಾರವಿಲ್ಲ. ಬೆರೆಸುವ ಔಷಧದ ಕೆಲಸವೇ ಬೇರೆ.

1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಕೊಕೇನ್ ಬಳಸಬಹುದೆಂದು ತೋರಿಸಿದ ಸ್ವಲ್ಪ ಕಾಲದಲ್ಲೇ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಅದನ್ನು ತೋಳಿನ ನರಗಳಿಗೂ ಕೊಟ್ಟರು, ಪ್ರಯೋಗಕ್ಕೆ ತಮ್ಮನ್ನೇ ಒಡ್ಡಿಕೊಂಡು ಅದರ ಚಟಕ್ಕೂ ಬಿದ್ದರು. ಕೊಕೇನ್ ಬೇಗನೆ ರಕ್ತಕ್ಕೆ ಸೇರಿ ವಿಷವಾಗುತ್ತಿದ್ದ ಸಮಸ್ಯೆಗೆ ಜರ್ಮನಿಯ ಹೈನ್ರಿಖ್ ಬ್ರೌನ್ 1903ರಲ್ಲಿ ಕಂಡುಕೊಂಡ ಉಪಾಯ ಅಡ್ರಿನಲಿನ್. ಅದು ಸುತ್ತಲಿನ ರಕ್ತನಾಳಗಳನ್ನು ಕಿರಿದಾಗಿಸಿ, ಔಷಧವನ್ನು ಚುಚ್ಚಿದ ಜಾಗದಲ್ಲೇ ಹೆಚ್ಚು ಹೊತ್ತು ನಿಲ್ಲಿಸುತ್ತದೆ. ಇಂದಿಗೂ ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಅಡ್ರಿನಲಿನ್ ಸೇರಿಸುವುದು ವಾಡಿಕೆ. ಬೇಗ ಇಳಿಯುವ ಮರಗಟ್ಟಿಸುವ ಔಷಧವಾದ ಲಿಗ್ನೊಕೇನ್‌ಗೆ ಇದರ ಲಾಭ ದೊಡ್ಡದು. ತಾನಾಗಿಯೇ ಬಹಳ ಹೊತ್ತು ಅಂಟಿಕೊಳ್ಳುವ ಬುಪಿವಕೇನ್‌ಗೆ ಅಷ್ಟಿಲ್ಲ.

ಹೀಗೆ ಬೆರೆಸುವ ಔಷಧಗಳಲ್ಲಿ ನನಗೆ ಹೆಚ್ಚು ಸೋಜಿಗವೆನಿಸುವುದು ನಿದ್ದೆ ಬರಿಸುವ ಡೆಕ್ಸ್‌ಮೆಡಿಟೊಮಿಡಿನ್. ಬುಪಿವಕೇನ್ ನರದ ಪೊರೆಯಲ್ಲಿರುವ ಸೋಡಿಯಂ ದ್ವಾರಗಳನ್ನು ಮುಚ್ಚಿ ಸಂಕೇತವನ್ನು ತಡೆಯುತ್ತದೆ. ಆದರೆ ನರ ಒಂದರ ಹಿಂದೊಂದು ಸಂಕೇತ ಕಳುಹಿಸಿದ ಮೇಲೆ ಅದರ ಒಳಭಾಗ ಮಾಮೂಲಿಗಿಂತ ಹೆಚ್ಚು ಋಣ ವಿದ್ಯುದಂಶಕ್ಕೆ ಇಳಿದಿರುತ್ತದೆ; ಆಗ ಬೇರೊಂದು ಬಗೆಯ ದ್ವಾರಗಳು ತೆರೆದು ಧನ ಅಯಾನುಗಳನ್ನು ಒಳಬಿಟ್ಟು ಅದನ್ನು ಮತ್ತೆ ಸಿದ್ಧಸ್ಥಿತಿಗೆ ತರುತ್ತವೆ. ಒಮ್ಮೆ ಬಿದ್ದ ಇಲಿಬೋನನ್ನು ಮರಳಿ ಹೂಡದಿದ್ದರೆ ಅದು ಕೆಲಸಕ್ಕೆ ಬಾರದಂತೆ, ಈ ಮರುಹೂಡಿಕೆ ನಿಂತರೆ ಆ ನರ ಮುಂದಿನ ಸಂಕೇತ ಕಳುಹಿಸಲು ತಡವರಿಸುತ್ತದೆ. ಡೆಕ್ಸ್‌ಮೆಡಿಟೊಮಿಡಿನ್ ತಡೆಯುವುದು ಈ ಮರುಹೂಡಿಕೆಯನ್ನೇ. ಆ ಔಷಧ ನಿದ್ದೆ ಬರಿಸುವುದು ಆಲ್ಫಾ-2 ಗ್ರಾಹಕದ (ಜೀವಕೋಶದ ಮೇಲೆ ಔಷಧ ಅಂಟುವ ತಾಣದ) ಮೂಲಕ. ಪ್ರಾಣಿಪ್ರಯೋಗಗಳಲ್ಲಿ ಆ ಗ್ರಾಹಕವನ್ನು ಕಟ್ಟಿಹಾಕಿದರೂ ನರದ ಮೇಲಿನ ಪರಿಣಾಮ ಉಳಿಯಿತು. ಹಾಗಾಗಿ ‘ಮಂಪರಿನಿಂದ ನೋವು ತಿಳಿಯುವುದಿಲ್ಲ’ ಎಂಬ ವಿವರಣೆ ಸಾಲದು. ರಕ್ತಕ್ಕೆ ಸೇರುವ ಅಂಶದಿಂದ ಮಂಪರು, ನಾಡಿ ನಿಧಾನವಾಗುವುದು, ರಕ್ತದೊತ್ತಡ ಇಳಿಯುವುದು ಇವೆಲ್ಲ ಆಗಬಹುದಾದ್ದರಿಂದ ಮಾನಿಟರ್ ಮೇಲೆ ಕಣ್ಣಿಟ್ಟಿರಲೇಬೇಕು.

ಸ್ಟೀರಾಯ್ಡ್ ಆದ ಡೆಕ್ಸಮೆಥಾಸೋನ್ ಕೂಡ ಬ್ಲಾಕನ್ನು, ಅಂದರೆ ನರದ ಮರಗಟ್ಟುವಿಕೆಯನ್ನು, ಕೆಲವು ಗಂಟೆ ಮುಂದುವರಿಸುತ್ತದೆ. ಅದನ್ನು ರಕ್ತನಾಳಕ್ಕೆ ಕೊಟ್ಟರೂ ಬಹುಪಾಲು ಇದೇ ಫಲ ಸಿಗುವುದರಿಂದ, ನರದ ಪಕ್ಕಕ್ಕೇ ಒಯ್ಯಬೇಕೇ ಎಂಬ ಚರ್ಚೆಯಿದೆ. ಬುಪಿವಕೇನ್‌ನಂಥದ್ದೇ ಔಷಧವಾದ ರೋಪಿವಕೇನ್ ಜೊತೆ ಬೆರೆಸಿದರೆ ಹರಳುಗಟ್ಟುವುದರಿಂದ ನಾನಂತೂ ರಕ್ತನಾಳದ ಪರವಾಗಿದ್ದೇನೆ. ನಮ್ಮ ವೈದ್ಯಕೀಯ ಕಾಲೇಜುಗಳ ಅರಿವಳಿಕೆ ವಿಭಾಗದ ಸ್ನಾತಕೋತ್ತರ ಪ್ರಬಂಧಗಳಿಗೆ ಇಂಥ ಹೋಲಿಕೆಗಳು ಅಚ್ಚುಮೆಚ್ಚು. ಅವುಗಳಲ್ಲಿ ಎಷ್ಟು ಗಂಟೆ ಮರಗಟ್ಟಿತೆಂಬ ಲೆಕ್ಕಕ್ಕಿರುವ ಮಹತ್ವ ಮರುದಿನದ ನೋವಿಗೆ ಸಿಗುವುದು ಕಡಿಮೆ.

ಬ್ಲಾಕ್ ಇಳಿಯುವ ಹೊತ್ತಿಗೆ ನೋವು ಒಮ್ಮೆಗೇ ಏರುವುದುಂಟು, ಅದೂ ಹೆಚ್ಚಾಗಿ ನಡುರಾತ್ರಿಯಲ್ಲಿ. ಆದ್ದರಿಂದ ಕೈಗೆ ಸ್ಪರ್ಶ ಮರಳುವ ಮೊದಲೇ ವೈದ್ಯರು ಬರೆದ ನೋವಿನ ಮಾತ್ರೆಯನ್ನು ತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಜೋಲಿಯಲ್ಲಿರುವ ಆ ಕೈಗೆ ಬಿಸಿನೀರಿನ ಚೀಲ ಇಡಬಾರದು, ಏಕೆಂದರೆ ಸುಟ್ಟರೂ ಅದಕ್ಕೆ ತಿಳಿಯುವುದಿಲ್ಲ.